ನಲವತ್ತೊಂದನೆಯ ನಂಬರಿನ ಹಾಜರಿ

"ಹೆಸರಿನ ಆಸೆಗಾಗಿ ದೇವರ ಮನೆಗೆ ಬರುವ ಮಗುವನ್ನು ಏನು ಮಾಡಬೇಕು, ಉಪದೇಶಿಗಳೇ?" ಎಂದು ಸುನೀತಿ ಕೇಳಿದಳು.

ಸುನೀತಿ ಆ ವರ್ಷವಷ್ಟೇ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಲು ಸೇರಿದವಳು. ಪ್ರಭುದಾಸರು ನಲವತ್ತು ವರ್ಷ ಉಪದೇಶಿಯಾಗಿ ಹಳ್ಳಿಯಿಂದ ಹಳ್ಳಿಗೆ ನಡೆದು ಸುವಾರ್ತೆ ಹೇಳಿದವರು. ಈಗ ವಯಸ್ಸಾದ ಮೇಲೆ ಹೊಸ ಶಿಕ್ಷಕರನ್ನು ಕೂರಿಸಿಕೊಂಡು ಮಕ್ಕಳಿಗೆ ಹೇಗೆ ಪಾಠ ಹೇಳಬೇಕೆಂದು ಕಲಿಸುತ್ತಿದ್ದರು. ಸುನೀತಿಯ ತರಗತಿಯ ಒಬ್ಬ ಹುಡುಗಿ, ಕಂಠಪಾಠದ ವಚನಕ್ಕೆ ಕೊಡುವ ನಕ್ಷತ್ರದ ಚೀಟಿ ತನಗೆ ಒಂದು ಕಡಿಮೆ ಬಂತೆಂದು, ಹಿಂದಿನ ವಾರ ಪ್ರಾರ್ಥನೆಯ ನಡುವೆಯೇ ಅತ್ತಿದ್ದಳು.

"ನಕ್ಷತ್ರ, ಬಹುಮಾನ, ಹೆಸರು ಓದುವುದು, ಎಲ್ಲವನ್ನೂ ನಿಲ್ಲಿಸಿಬಿಡೋಣ ಅನ್ನಿಸುತ್ತದೆ," ಎಂದಳು ಸುನೀತಿ. "ಆ ಆಸೆಯನ್ನು ಎಳೆಯದಾಗಿರುವಾಗಲೇ ಕಿತ್ತುಹಾಕಬೇಕು. ಬೆಳೆದ ಮೇಲೆ ಕಿತ್ತರೆ ಪೈರೂ ಜೊತೆಗೇ ಬರುತ್ತದೆ."

"ಕೂತುಕೋ ತಾಯಿ," ಎಂದರು ಪ್ರಭುದಾಸರು. "ಒಂದು ಕತೆ ಹೇಳುತ್ತೇನೆ. ಆಮೇಲೆ ಕೀಳುವೆಯಂತೆ."

ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಚರ್ಚು ಇತ್ತು. ಅದರ ಪಕ್ಕದ ಹಾಲಿನಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಸಂಡೇ ಸ್ಕೂಲು ನಡೆಯುತ್ತಿತ್ತು. ಹಾಲಿನ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿದ್ದರು. ಐದು ವರ್ಷ ಒಂದು ಭಾನುವಾರವನ್ನೂ ತಪ್ಪಿಸದ ಮಗುವಿನ ಹೆಸರನ್ನು ಆ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಬರೆಸುವುದು ಅಲ್ಲಿಯ ಪದ್ಧತಿ. ಗಂಟೆ ಹೊಡೆಯುವ ಮುಂಚೆ ಬಂದಿರಬೇಕು. ಜ್ವರವಿತ್ತೆಂದು ಪತ್ರ ತಂದರೆ ನಡೆಯುವುದಿಲ್ಲ. ಬೇರೆ ಊರಿಗೆ ಹೋಗಿದ್ದರೆ ಆ ಊರಿನ ಸಂಡೇ ಸ್ಕೂಲಿಗೆ ಹೋಗಿ, ಮಗು ಬಂದಿತ್ತೆಂದು ಅವರಿಂದ ಚೀಟಿ ಬರೆಸಿಕೊಂಡು ಬರಬೇಕು. ಅರವತ್ತು ವರ್ಷದಲ್ಲಿ ಹಲಗೆ ಏರಿದವರು ಹದಿಮೂರು ಮಂದಿ.

ಹಾಜರಿ ಬರೆಯುತ್ತಿದ್ದವರು ಒಬ್ಬ ಹಿರಿಯ ಯಜಮಾನಿ. ಆ ಸಭೆಯಲ್ಲಿ ಮೊದಲು ಬಿ.ಎ. ಪಾಸು ಮಾಡಿದ ಹೆಂಗಸು. ನಾಲ್ಕು ಮಕ್ಕಳು, ಹನ್ನೊಂದು ಮೊಮ್ಮಕ್ಕಳು. ಯಾವ ಮೊಮ್ಮಗುವಿಗೆ ಯಾವ ತಾರೀಖಿಗೆ ಮೊದಲ ಹಲ್ಲು ಬಂತು ಎಂದು ಕೇಳಿದರೂ ಪುಸ್ತಕ ತೆಗೆದು ಹೇಳುತ್ತಿದ್ದರು. ಹತ್ತೊಂಬತ್ತು ವರ್ಷದ ಹಾಜರಿ ಪುಸ್ತಕಗಳಲ್ಲಿ ಅವರು ಒಂದು ಅಕ್ಷರವನ್ನೂ ಹೊಡೆದು ತಿದ್ದಿರಲಿಲ್ಲ. ಬಂದವರಿಗೆ 'ಹಾ', ಬಾರದವರಿಗೆ 'ಗೈ'. ಒಂದು ಸಲ ಅವರ ಸ್ವಂತ ಮೊಮ್ಮಗ ಎರಡು ನಿಮಿಷ ತಡವಾಗಿ ಬಂದ. 'ಗೈ' ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನಿಗೆ ಪಾಯಸ ಎರಡು ಸಲ ಬಡಿಸಿದರು. ಪುಸ್ತಕ ಮಾತ್ರ ಹಾಗೆಯೇ ಇತ್ತು.

ಆ ಊರಿನ ಅಂಚಿನಲ್ಲಿ ಗೇರುಬೀಜದ ಕಾರ್ಖಾನೆಯ ಓಣಿ. ಚರ್ಚಿನಿಂದ ಎರಡು ಮೈಲು. ಆ ಓಣಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಲಾರಿಯ ಕೆಲಸದವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ತಾಯಿ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ಬಿಡಿಸುವವಳು. ಹುಡುಗಿ ಎಂಟು ವರ್ಷಕ್ಕೆ ಸಂಡೇ ಸ್ಕೂಲಿಗೆ ಸೇರಿದಳು. ಮೊದಲ ದಿನವೇ ಗೋಡೆಯ ಮುಂದೆ ನಿಂತು ಹದಿಮೂರು ಹೆಸರನ್ನೂ ಗಟ್ಟಿಯಾಗಿ ಓದಿದಳು. ಎಲ್ಲರೂ ಬಂಗಲೆ ಬೀದಿಯ ಮಕ್ಕಳು. ಹೆಡ್‌ಮಾಸ್ತರರ ಮಗ, ಡಾಕ್ಟರರ ಮಗಳು, ಸಭೆಯ ಹಿರಿಯರ ಮೊಮ್ಮಕ್ಕಳು.

ಹಿಂದಿನಿಂದ ಒಬ್ಬಳು ಹೇಳಿದಳು, "ಓದಿಕೋ, ಓದಿಕೋ. ಓಣಿಯವರ ಹೆಸರಿಗೆ ಆ ಹಲಗೆಯಲ್ಲಿ ಬಣ್ಣ ಹತ್ತುವುದಿಲ್ಲ."

ಹುಡುಗಿ ಮನೆಗೆ ಬಂದು ತಾಯಿಗೆ, "ಅಮ್ಮ, ಆ ಹಲಗೆಯಲ್ಲಿ ನಾನು ಹೆಸರು ಬರೆಸಿಕೊಳ್ಳುತ್ತೇನೆ," ಎಂದಳು.

"ಐದು ವರ್ಷಕ್ಕೆ ಹಲಗೆ ತುಂಬಿಹೋದರೆ?" ಎಂದಳು ತಾಯಿ.

"ಕೆಳಗೆ ಮೂರು ಸಾಲು ಖಾಲಿ ಇದೆ. ನೋಡಿಕೊಂಡೇ ಬಂದಿದ್ದೇನೆ."

ಅಂದಿನಿಂದ ಹುಡುಗಿ ಭಾನುವಾರ ಲೆಕ್ಕ ಹಾಕಲು ತೊಡಗಿದಳು. ಅವಳ ನಂಬರು ನಲವತ್ತೊಂದು. ಯಜಮಾನಿ 'ನಲವತ್ತೊಂದು' ಎಂದು ಪೂರ್ತಿ ಹೇಳುವ ಮೊದಲೇ ಅವಳ 'ಹಾಜರ್' ಬಂದು ಬೀಳುತ್ತಿತ್ತು. ಎರಡನೆಯ ವರ್ಷ ಮೈ ಸುಡುವ ಜ್ವರ ಬಂತು. ಕಂಬಳಿ ಹೊದ್ದು ಬಂದು ಹೊಸ್ತಿಲಾಚೆ ಕೂತು 'ಹಾಜರ್' ಎಂದಳು. ಮೂರನೆಯ ವರ್ಷ ಸೋದರಮಾವನ ಮದುವೆಗೆ ಬೇರೆ ಊರಿಗೆ ಹೋಗಬೇಕಾಯಿತು. ಮದುವೆಮನೆಯವರೆಲ್ಲ ತಿಂಡಿಗೆ ಕೂತಿರುವಾಗ ಇವಳು ಆ ಊರಿನ ಸಂಡೇ ಸ್ಕೂಲು ಹುಡುಕಿಕೊಂಡು ಹೊರಟಿದ್ದಳು. "ಇವಳು ಮದುಮಗಳನ್ನು ನೋಡಲು ಬಂದವಳೋ, ಚೀಟಿ ವಸೂಲಿಗೆ ಬಂದವಳೋ," ಎಂದು ಮಾವ ನಕ್ಕ. ಚೀಟಿಯನ್ನು ಬಸ್ಸಿನಲ್ಲಿ ಮಡಿಸಲಿಲ್ಲ, ಯಾರ ಕೈಗೂ ಕೊಡಲಿಲ್ಲ. ವಚನ ಹೇಳುವುದರಲ್ಲಿ ಅವಳು ಸಾಧಾರಣ. ಹಾಡಿನಲ್ಲಿ ಅದಕ್ಕಿಂತ ಸಾಧಾರಣ. ಬರುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರು ಇರಲಿಲ್ಲ.

ಐದು ವರ್ಷಕ್ಕೆ ಒಟ್ಟು ಇನ್ನೂರ ಅರವತ್ತೊಂದು ಭಾನುವಾರ. ಒಂದು ವರ್ಷ ಐವತ್ತಮೂರು ಬಿದ್ದಿತ್ತು. ಅದನ್ನೂ ಅವಳು ಲೆಕ್ಕಕ್ಕೆ ಹಿಡಿದಿದ್ದಳು. ಕೊನೆಯ ಭಾನುವಾರ ಮಕ್ಕಳ ಭಾನುವಾರ, ಹೆಸರು ಓದುವ ದಿನ. ಇನ್ನೂರ ಐವತ್ತು ಮುಗಿದಾಗ ಅವಳಿಗೆ ಹನ್ನೆರಡು ತುಂಬಿತ್ತು. ಇನ್ನೂರ ಐವತ್ತೊಂದನೆಯದು ಗರಿಗಳ ಭಾನುವಾರ.

ಆ ದಿನ ಮಕ್ಕಳೆಲ್ಲ ತೆಂಗಿನ ಎಳೆಗರಿ ಹಿಡಿದು ಮೆರವಣಿಗೆಯಲ್ಲಿ ಚರ್ಚಿಗೆ ಹೋಗಬೇಕು. ಹುಡುಗಿ ಗರಿ ತಂದು ನೀರಿನಲ್ಲಿಟ್ಟಿದ್ದಳು. ಆರೂವರೆಗೆ ಜಡೆ ಹಾಕಿಕೊಂಡು ನಿಂತಾಗ ತುಂಬು ಬಸುರಿ ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ತಂದೆ ಊರಲ್ಲಿರಲಿಲ್ಲ.

"ಇನ್ನೂ ಹೊತ್ತಿದೆ, ನೀನು ಹೋಗು," ಎಂದಳು ತಾಯಿ. "ಹೋಗುವಾಗ ಪಕ್ಕದ ಮನೆಯವಳಿಗೆ ಒಂದು ಮಾತು ಹೇಳಿ ಹೋಗು."

ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಆ ಮನೆಯವಳು ಎರಡು ಕೊಡ ತೆಗೆದುಕೊಂಡು ದೂರದ ನಲ್ಲಿಗೆ ಹೋಗಿದ್ದಳು. ಅದರಾಚೆಯ ಎರಡು ಮನೆಯವರು ಬೆಳಗಿನ ಪಾಳಿಗೆ ಹೊರಟುಹೋಗಿದ್ದರು. ಹುಡುಗಿ ಗರಿ ಹಿಡಿದು ಓಣಿಯ ಬಾಯಲ್ಲಿ ನಿಂತಳು. ಮುಂದೆ ಚರ್ಚಿನ ದಾರಿ. ಹಿಂದಿನಿಂದ ತಾಯಿ ನರಳುವುದು ಕೇಳಿಸಿತು. ಹಿಂದಿರುಗಿ ಓಡಿದಳು.

ಒಲೆ ಹಚ್ಚಿದಳು, ನೀರಿಟ್ಟಳು, ತಾಯಿ ಹೇಳಿದಂತೆ ಮಾಡಿದಳು. ಮಗು ಬಂದು ಅವಳ ಎರಡು ಕೈಯಲ್ಲಿ ಬಿತ್ತು. ಅಳಲಿಲ್ಲ. ಹುಡುಗಿ ತನ್ನ ಹಳೆಯ ಲಂಗದಿಂದ ಅದರ ಬೆನ್ನು ಉಜ್ಜಿದಳು, ಮುಖದ ಮೇಲೆ ಊದಿದಳು, ಮತ್ತೆ ಉಜ್ಜಿದಳು. ಆಮೇಲೆ ಅತ್ತಿತು. ಅದೇ ಹೊತ್ತಿಗೆ ಎರಡು ಮೈಲಿನಾಚೆ ಚರ್ಚಿನ ಗಂಟೆ ಹೊಡೆಯಿತು.

ಪಕ್ಕದ ಮನೆಯವಳು ಕೊಡ ಇಳಿಸಿ ಓಡಿಬಂದು ಹೊಕ್ಕುಳಬಳ್ಳಿ ಕತ್ತರಿಸಿದಳು. "ಎಲ್ಲ ಕೆಲಸ ಮುಗಿಸಿ ನನಗೆ ಕತ್ತರಿ ಮಾತ್ರ ಉಳಿಸಿದ್ದೀಯಲ್ಲೇ ಸೂಲಗಿತ್ತಿ," ಎಂದಳು. ಹುಡುಗಿ ನಗಲಿಲ್ಲ. ಇಡೀ ಮಧ್ಯಾಹ್ನ ಆ ಗರಿಯಿಂದಲೇ ತಂಗಿಯ ಮೇಲೆ ಕೂರುವ ನೊಣ ಓಡಿಸಿದಳು. ನಾಲ್ಕು ವರ್ಷ ಹತ್ತು ತಿಂಗಳು ಒಂದೇ ಬೆಳಗಿನಲ್ಲಿ ಹೋಯಿತು ಎಂದು ಅವಳಿಗೆ ಗೊತ್ತಿತ್ತು.

ಮರುವಾರ, ತನ್ನ ಲೆಕ್ಕ ಮುರಿಯಿತೆಂದು ಯಜಮಾನಿಯ ಬಾಯಿಂದಲೇ ಕೇಳಿ ಮುಗಿಸೋಣವೆಂದು ಹೋದಳು. ಯಜಮಾನಿ ಎಂದಿನಂತೆ ನಂಬರು ಕೂಗಿದರು. ಇವಳು ಎಂದಿನಂತೆ ಉತ್ತರ ಕೊಟ್ಟಳು. ಯಾರೂ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತವಳು ಮಾತ್ರ, "ಹೋದ ವಾರ ಮೆರವಣಿಗೆಯಲ್ಲಿ ನೀನು ಕಾಣಲೇ ಇಲ್ಲವಲ್ಲ," ಎಂದಳು.

"ಹಿಂದಿದ್ದೆ," ಎಂದಳು ಹುಡುಗಿ. ಹೇಳಿ ನಾಲಿಗೆ ಕಚ್ಚಿಕೊಂಡಳು.

ಆರು ವಾರ ಕಳೆಯಿತು. 'ಇಲ್ಲಿಯವರೆಗೆ ಒಂದೂ ತಪ್ಪಿಸದವರು' ಎಂಬ ಪಟ್ಟಿ ಹಾಲಿನ ಬಾಗಿಲಿಗೆ ಅಂಟಿತು. ಮೂರು ಹೆಸರು. ಮೂರನೆಯದು ಅವಳದು. ಹುಡುಗಿ ನಾಲ್ಕು ಸಲ ಓದಿದಳು. ಮೊದಲು ಹೆದರಿಕೆಯಾಯಿತು. ಮನೆ ಮುಟ್ಟುವಷ್ಟರಲ್ಲಿ ಅವಳಿಗೊಂದು ಕಾರಣ ಹೊಳೆದಿತ್ತು. ಯಾರೋ ದೇವದೂತ ಗರಿ ಹಿಡಿದು ಸಾಲಿನಲ್ಲಿ ನಿಂತು ತನ್ನ ಬದಲಿಗೆ 'ಹಾಜರ್' ಎಂದಿರಬೇಕು. ದೇವದೂತನೇ ಬಂದೆನೆಂದ ಮೇಲೆ, ಬರಲಿಲ್ಲವೆನ್ನಲು ತಾನು ಯಾರು?

ಸುದ್ದಿ ಓಣಿಯಲ್ಲಿ ಹಬ್ಬಿತು. ಕಾರ್ಖಾನೆಯ ಹೆಂಗಸರು ಸಿಪ್ಪೆ ಬಿಡಿಸುತ್ತ ಅದೇ ಮಾತಾಡಿದರು. ಚರ್ಚಿನ ಮೆಟ್ಟಿಲು ಹತ್ತದವರೂ ಆ ಭಾನುವಾರ ಬಂದು ಹಲಗೆ ನೋಡುತ್ತೇವೆಂದರು. "ನಮ್ಮ ಓಣಿಯಿಂದ ಇಷ್ಟು ವರ್ಷ ಆ ಬೀದಿಗೆ ಹೋದದ್ದು ಬೀಜ ಒಂದೇ, ಈಗ ಹೆಸರೂ ಹೋಗುತ್ತದೆ," ಎಂದಳು ಒಬ್ಬಳು. ಬಣ್ಣದವನು ಬಂದು ಹಲಗೆಯ ಮೇಲೆ ಮೂರು ಹೆಸರನ್ನೂ ಮೊದಲು ಸೀಮೆಸುಣ್ಣದಲ್ಲಿ ಬರೆದು ಅಳತೆ ನೋಡಿದ. ತನ್ನ ಹೆಸರು ಇಷ್ಟು ಉದ್ದವೆಂದು ಹುಡುಗಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ವಾರ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತಂಗಿಯ ದೀಕ್ಷಾಸ್ನಾನವೂ ಅದೇ ಮಕ್ಕಳ ಭಾನುವಾರಕ್ಕೆ ಗೊತ್ತಾಯಿತು. ಆ ಸಭೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಹುಟ್ಟಿದ ಮಗುವನ್ನು ಯಾರ ಕೈ ಮೊದಲು ಎತ್ತಿಕೊಂಡಿತೋ, ದೀಕ್ಷಾಸ್ನಾನದ ದಿನ ಮಗುವನ್ನು ಹೊತ್ತುಕೊಂಡು ಸಭೆಯ ನಡುವೆ ನಡೆದು ವೇದಿಕೆಗೆ ತರುವವರು ಅವರೇ. ಸಭಾಪಾಲಕರಾದ ಅಯ್ಯನವರು ಅವರ ಹೆಸರನ್ನು ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೆದು ಎಲ್ಲರೆದುರು ಓದುತ್ತಿದ್ದರು. ಅದನ್ನು ಬರೆಸಲು ತಾಯಿ ಹಿಂದಿನ ಶುಕ್ರವಾರ ಹೊರಟಳು. ಹುಡುಗಿ ಜೊತೆಗೆ ಹೋದಳು.

ದಾರಿಯಲ್ಲಿ ಹುಡುಗಿ, "ಅಮ್ಮ, ಮೊದಲು ಎತ್ತಿಕೊಂಡದ್ದು ಪಕ್ಕದ ಮನೆಯವಳು ಅಂತ ಹೇಳು," ಎಂದಳು.

"ಯಾಕೆ?"

"ಹೇಳು, ಅಷ್ಟೇ."

ತಾಯಿ ಅವಳ ಮುಖ ನೋಡಿದಳು.

ಅಯ್ಯನವರು ಪುಸ್ತಕ ತೆರೆದು ಹುಟ್ಟಿದ ದಿನ ಕೇಳಿದರು. ಗರಿಗಳ ಭಾನುವಾರ ಎಂದಳು ತಾಯಿ. ಹೊತ್ತು ಕೇಳಿದರು. ಎಂಟರ ಗಂಟೆ ಹೊಡೆಯುವಾಗ ಎಂದಳು. ಮೊದಲು ಎತ್ತಿಕೊಂಡವರು ಯಾರೆಂದು ಕೇಳಿದರು. ತಾಯಿ ಒಂದು ಕ್ಷಣ ತಡೆದು, ಪಕ್ಕದ ಮನೆಯವಳ ಹೆಸರು ಹೇಳಿದಳು. ಅಯ್ಯನವರು ಬರೆಯಲು ಪೆನ್ನನ್ನು ಪುಟಕ್ಕೆ ಇಳಿಸಿದರು.

ಹುಡುಗಿ ಆ ಪೆನ್ನನ್ನು ನೋಡುತ್ತಿದ್ದಳು. ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಹಲಗೆ ಉಳಿಯುತ್ತಿತ್ತು, ಓಣಿಯವರ ಮುಖ ಉಳಿಯುತ್ತಿತ್ತು. ಆದರೆ ಅವಳ ಅಂಗೈಗೆ ಆ ಬೆಳಗ್ಗೆ ಬಿದ್ದ ಬಿಸಿ ನೆನಪಾಯಿತು. ಅಳದ ಮಗುವನ್ನು ಅಳಿಸಿದ್ದು ಅವಳು. ಆಗ ಪಕ್ಕದ ಮನೆಯವಳು ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಳು. ಭಾನುವಾರ ಅವಳು ರೇಷ್ಮೆ ಸೀರೆಯುಟ್ಟು ತಂಗಿಯನ್ನು ಹೊತ್ತು ಸಭೆಯ ನಡುವೆ ನಡೆಯುತ್ತಾಳೆ, ಪುಸ್ತಕದಲ್ಲಿ ಅವಳ ಹೆಸರಿರುತ್ತದೆ, ತಂಗಿ ದೊಡ್ಡವಳಾಗಿ ಅದನ್ನೇ ಓದುತ್ತಾಳೆ. ಹುಡುಗಿಗೆ ಅದನ್ನು ಸಹಿಸಲಾಗಲಿಲ್ಲ.

"ಅಯ್ಯನವರೇ, ಬರೆಯಬೇಡಿ," ಎಂದಳು. "ಎತ್ತಿಕೊಂಡದ್ದು ನಾನು."

ಅಯ್ಯನವರು ತಲೆಯೆತ್ತಿದರು. "ಆ ಹೊತ್ತಿಗೆ ನೀನು ಸಂಡೇ ಸ್ಕೂಲಿನಲ್ಲಿದ್ದೆಯಲ್ಲ ಮಗಳೇ. ಪಟ್ಟಿಯಲ್ಲಿ ಹೆಸರಿದೆ."

"ಇರಲಿಲ್ಲ. ಮನೆಯಲ್ಲಿದ್ದೆ."

ಅಯ್ಯನವರು ತಾಯಿಯ ಕಡೆ ನೋಡಿದರು. ತಾಯಿ ಹೌದೆಂದು ತಲೆಯಾಡಿಸಿದಳು. ಅವರು ಹುಡುಗಿಯ ಹೆಸರು ಬರೆದರು.

ಅಲ್ಲಿಂದ ಹುಡುಗಿ ಒಬ್ಬಳೇ ಯಜಮಾನಿಯ ಮನೆಗೆ ಹೋದಳು. ಯಜಮಾನಿ ಜಗಲಿಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು.

"ನಿಮ್ಮ ಪುಸ್ತಕದಲ್ಲಿ ಒಂದು ತಪ್ಪಿದೆ ಅಮ್ಮಾ," ಎಂದಳು ಹುಡುಗಿ.

"ನನ್ನ ಪುಸ್ತಕದಲ್ಲಿ ತಪ್ಪಿರುವುದಿಲ್ಲ."

"ಒಂದಿದೆ. ಗರಿಗಳ ಭಾನುವಾರ ನಾನು ಬಂದಿರಲಿಲ್ಲ."

ಯಜಮಾನಿ ಒಳಗೆ ಹೋಗಿ ಪುಸ್ತಕ ತಂದರು. ನಲವತ್ತೊಂದರ ಮುಂದೆ, ಆ ತಾರೀಖಿನ ಕೆಳಗೆ, ಉಳಿದವುಗಳಷ್ಟೇ ದುಂಡಾದ ಒಂದು 'ಹಾ' ಇತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆ ದಿನ ಹಾಜರಿ ತೆಗೆದದ್ದು ಅಂಗಳದಲ್ಲಿ. ಅರವತ್ತನಾಲ್ಕು ಮಕ್ಕಳು, ಅರವತ್ತನಾಲ್ಕು ಗರಿ, ಕಿವಿ ಕಿವುಡಾಗುವ ಗದ್ದಲ. ಪ್ರತಿ ನಂಬರಿಗೂ ಅವರು ಗರಿ ಸರಿಸಿ ಮುಖ ನೋಡಿ ಬರೆದಿದ್ದರು. ನಲವತ್ತಕ್ಕೆ ನೋಡಿದ್ದರು. ನಲವತ್ತೆರಡಕ್ಕೆ ನೋಡಿದ್ದರು. ನಲವತ್ತೊಂದಕ್ಕೆ ತಲೆ ಎತ್ತಿರಲಿಲ್ಲ. ಆ ನಂಬರಿಗೆ ತಲೆ ಎತ್ತುವ ಅಗತ್ಯ ಬೀಳದೆ ವರ್ಷಗಳೇ ಆಗಿದ್ದವು. ಕೈ ತಾನಾಗಿ ಬರೆದಿತ್ತು.

"ನಾನು ಯಾರ ವಿಷಯದಲ್ಲೂ ಹೀಗೆ ಮಾಡಿದವಳಲ್ಲ ಕಣೇ," ಎಂದರು ಯಜಮಾನಿ. "ನೀನು ಬರದೆ ಇರಬಹುದು ಅಂತ ನನ್ನ ಕೈಗೆ ಗೊತ್ತೇ ಇರಲಿಲ್ಲ."

ಅವರು ಪೆನ್ನು ತೆಗೆದು 'ಹಾ' ಹೊಡೆದು 'ಗೈ' ಎಂದು ಬರೆದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ತಿದ್ದುಪಡಿ. ಪಕ್ಕದಲ್ಲಿ ಪೂರ್ತಿ ಸಹಿ ಹಾಕಿದರು. ಪುಸ್ತಕ ಮುಚ್ಚಲು ಹೋದಾಗ ಹುಡುಗಿ ಅದರ ಮೇಲೆ ಕೈಯಿಟ್ಟಳು.

"ಬರೀ 'ಗೈ' ಅಂತ ಬಿಡಬೇಡಿ. ಯಾಕೆ ಅಂತಲೂ ಬರೆಯಿರಿ."

"ಕಾರಣ ಬರೆಯುವ ಪದ್ಧತಿ ಇಲ್ಲ."

"ಜ್ವರಕ್ಕೆ ತಪ್ಪಿಸಿದವಳಲ್ಲ ನಾನು. ಮದುವೆಗೆ ತಪ್ಪಿಸಿದವಳಲ್ಲ. ಮುಂದೆ ಯಾರಾದರೂ ಓದಿದರೆ ನಾನು ಮಲಗಿದ್ದೆ ಅಂದುಕೊಳ್ಳುತ್ತಾರೆ."

ಯಜಮಾನಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ತಮ್ಮ ಹನ್ನೊಂದು ಮೊಮ್ಮಕ್ಕಳಲ್ಲಿ ಒಬ್ಬರೂ ತಮ್ಮೆದುರು ಹೀಗೆ ನಿಂತು ಮಾತಾಡಿದವರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: 'ತಂಗಿಯನ್ನು ಕೈಗೆತ್ತಿಕೊಳ್ಳುತ್ತಿದ್ದಳು.' ಹುಡುಗಿ ಓದಿ ನೋಡಿ, ಸರಿಯಾಗಿದೆ ಎಂದಳು.

"ಮತ್ತೆ ಮೊದಲಿನಿಂದ ಐದು ವರ್ಷ ಮಾಡುತ್ತೀಯಾ?" ಎಂದು ಯಜಮಾನಿ ಕೇಳಿದರು.

"ಹದಿನಾಲ್ಕಕ್ಕೆ ಸಂಡೇ ಸ್ಕೂಲು ಮುಗಿಯುತ್ತದೆ ಅಮ್ಮಾ. ನನ್ನ ಹತ್ತಿರ ಐದು ವರ್ಷ ಇಲ್ಲ."

ಶನಿವಾರ ಬಣ್ಣದವನು ಒದ್ದೆ ಬಟ್ಟೆಯಿಂದ ಮೂರನೆಯ ಹೆಸರು ಒರೆಸಿ, ಉಳಿದ ಎರಡಕ್ಕೆ ಹಳದಿ ಬಣ್ಣ ತುಂಬಿದ. ಭಾನುವಾರ ಓಣಿಯ ಹೆಂಗಸರು ಹದಿನೇಳು ಮಂದಿ ಬಂದರು. ಹಲಗೆಯ ಮುಂದೆ ನಿಂತು ಅತ್ತಿತ್ತ ನೋಡಿದರು. "ಎಲ್ಲಿದೆಯೇ ನಿನ್ನ ಹೆಸರು?" ಎಂದು ಕೇಳಿದರು.

"ಇಲ್ಲ," ಎಂದಳು ಹುಡುಗಿ. "ಒಳಗೆ ಬಂದು ಕೂತು ನೋಡಿ."

ಹಾಡು ಮುಗಿಯಿತು. ಅಯ್ಯನವರು ಪುಸ್ತಕ ತೆರೆದು ಮಗುವಿನ ಹೆಸರು ಓದಿದರು, ತಾಯಿತಂದೆಯ ಹೆಸರು ಓದಿದರು, ಮೊದಲು ಎತ್ತಿಕೊಂಡವಳ ಹೆಸರು ಓದಿದರು. ಹನ್ನೆರಡು ವರ್ಷದ ಹುಡುಗಿ ತಂಗಿಯನ್ನು ಎದೆಗೊತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಟಳು. ಆ ಸಭೆಯಲ್ಲಿ ಅಷ್ಟು ಚಿಕ್ಕವಳು ಮಗುವನ್ನು ತಂದದ್ದು ಅದೇ ಮೊದಲು. ಅವಳು ಅವಸರ ಮಾಡಲಿಲ್ಲ. ತಲೆ ತಗ್ಗಿಸಲಿಲ್ಲ. ಪಕ್ಕದ ಮನೆಯವಳು ರೇಷ್ಮೆ ಸೀರೆಯಲ್ಲಿ ಹದಿನೇಳು ಮಂದಿಯ ನಡುವೆ ಕೂತು, "ಕತ್ತರಿ ನನ್ನದೇ," ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು.

ಹಿಂದಿರುಗುವಾಗ ಓಣಿಯವರಿಗೆ ಬೇರೆ ಮಾತಿರಲಿಲ್ಲ. "ಮೊದಲ ಬೆಂಚಿನವರು ಕಾಲು ಎಳೆದುಕೊಂಡು ದಾರಿ ಬಿಟ್ಟರು ನೋಡಿದಿರಾ," ಎಂದಳು ಒಬ್ಬಳು. ಮುಂದೆ ಹೋಗುತ್ತಿದ್ದ ಹುಡುಗಿಗೆ ಅದು ಕೇಳಿಸಿತು. ಕೇಳಿಸಲೆಂದೇ ಅವಳು ನಡಿಗೆ ನಿಧಾನ ಮಾಡಿದ್ದಳು.

ಪ್ರಭುದಾಸರು ಇಷ್ಟು ಹೇಳಿ ನಿಲ್ಲಿಸಿದರು.

ಸುನೀತಿಯ ಮುಖ ಅರಳಿತ್ತು. "ನಾನು ಹೇಳಿದ್ದೂ ಅದೇ ಅಲ್ಲವೇ, ಉಪದೇಶಿಗಳೇ," ಎಂದಳು. "ಹೆಸರಿನ ಆಸೆಯನ್ನು ಗೆದ್ದದ್ದರಿಂದ ಆ ಮಗುವಿನ ಬಾಯಲ್ಲಿ ಸತ್ಯ ಬಂತು."

ಪ್ರಭುದಾಸರು ಹೇಳಿದರು, "ಪಕ್ಕದ ಮನೆಯವಳ ಹೆಸರು ಬರೆಯುವಾಗ ಆ ಹುಡುಗಿಯ ಬಾಯಿ ತೆರೆಸಿದ್ದೂ ಅದೇ ಆಸೆ, ತಾಯಿ."